ಬಿಸಿ ಬೇರೆ, ಯುವಿಬಿ ಬೇರೆ: ಸಾಕಿದ ಆಮೆಯ ದೀಪದ ಬಗ್ಗೆ

ಮಾನ್ಯ ಸಂಪಾದಕರೇ,

ಚಳಿ ಶುರುವಾದೊಡನೆ ಆಮೆ ಸಾಕಿದ ಮನೆಗಳಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಆಮೆ ತಿನ್ನುತ್ತಿಲ್ಲ, ಮೂಲೆ ಹಿಡಿದು ಕೂತಿದೆ, ಕಣ್ಣು ತೆರೆಯುತ್ತಿಲ್ಲ. ದೀಪದ ವ್ಯವಸ್ಥೆ ಏನು ಮಾಡಿದ್ದೀರಿ ಎಂದು ಕೇಳಿದರೆ ವಿಜಯಪುರ, ಬಾಗಲಕೋಟೆಯವರು, "ನಮ್ಮೂರಾಗ ಬಿಸಲಿಗೇನ ಕಡಿಮಿ ಐತ್ರಿ?" ಎನ್ನುತ್ತಾರೆ. ಬೆಳಗಾವಿಯವರು, "ಬಲ್ಬ್ ಹಚ್ಚೇವ್ರಿ, ಬೆಚ್ಚಗ ಐತಿ" ಎನ್ನುತ್ತಾರೆ. ಇಬ್ಬರೂ ಆಮೆಯನ್ನು ಪ್ರೀತಿಯಿಂದಲೇ ಸಾಕಿರುತ್ತಾರೆ, ತಪ್ಪುವುದು ಮಾತ್ರ ಒಂದೇ ಕಡೆ. ಆಮೆಗೆ ಬಿಸಿ ಬೇಕು, ಬಿಸಿಲಿನ ಅತಿನೇರಳೆ ಬೆಳಕಿನಲ್ಲಿರುವ ಯುವಿಬಿ ಕಿರಣವೂ ಬೇಕು. ಇವೆರಡೂ ಬೇರೆ ಬೇರೆ. ಬಲ್ಬು ಬಿಸಿ ಕೊಡುತ್ತದೆ, ಯುವಿಬಿ ಕೊಡುವುದಿಲ್ಲ. ನಮ್ಮ ಬಿಸಿಲು ಎರಡನ್ನೂ ಕೊಡುತ್ತದೆ, ಆದರೆ ಹೊತ್ತು ತಪ್ಪಿದರೆ ಒಂದು ತಾಸಿನೊಳಗೆ ಆಮೆಯನ್ನು ಕೊಲ್ಲುತ್ತದೆ. ಈ ವಿಷಯ ಕನ್ನಡದಲ್ಲಿ ಲೆಕ್ಕ, ಅಳತೆ ಸಮೇತ ಸಿಗುವುದು ಕಡಿಮೆ. ಆದ್ದರಿಂದ ಪತ್ರ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಮೊದಲು ಕಾನೂನಿನ ಮಾತು. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಲ್ಲಿ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದ ಅದನ್ನು ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಗೆ ಸೇರಿಸಿದೆ. ವಾಸ್ತುವಿಗೆ ಒಳ್ಳೆಯದು, ಮನೆಗೆ ಲಕ್ಷ್ಮಿ ಬರುತ್ತಾಳೆ ಎಂದು ಯಾರಾದರೂ ತಂದುಕೊಟ್ಟಿದ್ದರೆ ಅದಕ್ಕೆ ದೀಪ ಹುಡುಕುವ ಮೊದಲು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಇಲ್ಲಿ ಹೇಳುತ್ತಿರುವುದು ಸುಲ್ಕಾಟಾ ಮತ್ತು ಕೆಂಪುಕಾಲಿನ ಆಮೆಯಂಥ ಹೊರದೇಶದ ನೆಲ ಆಮೆಗಳ ಬಗ್ಗೆ. ಇವುಗಳನ್ನೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸುಲ್ಕಾಟಾ ತರುವವರಿಗೆ ಇನ್ನೊಂದು ಮಾತು. ಇವತ್ತು ಅಂಗೈಯಲ್ಲಿ ಕೂರುವ ಮರಿ ಮುಂದೆ ಎರಡು ಅಡಿಗೂ ಮೀರಿ ಬೆಳೆದು ನಲವತ್ತು ಕಿಲೋ ದಾಟಬಲ್ಲದು. ಹಿತ್ತಿಲಿಲ್ಲದ ಮನೆಗೆ ಅದು ತಕ್ಕ ಪ್ರಾಣಿಯಲ್ಲ.

ಯುವಿಬಿ ಏಕೆ ಬೇಕು? ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಸುಮಾರು 290ರಿಂದ 315 ನ್ಯಾನೊಮೀಟರ್‌ವರೆಗಿನ ಭಾಗವೇ ಯುವಿಬಿ. ಅದು ಆಮೆಯ ಚರ್ಮಕ್ಕೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ3ರ ಹಿಂದಿನ ರೂಪಕ್ಕೆ ತಿರುಗುತ್ತದೆ. ಅದು ನಿಜವಾದ ಡಿ3 ಆಗುವುದು ಮೈಯ ಬಿಸಿಯಿಂದ. ಆಮೇಲೆ ಯಕೃತ್ತು, ಮೂತ್ರಪಿಂಡಗಳಲ್ಲಿ ಅದು ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಆಗ ಮಾತ್ರ ತಿಂದ ಸೊಪ್ಪಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಿ ಎಲುಬಿಗೂ ಚಿಪ್ಪಿಗೂ ಹೋಗುತ್ತದೆ. ಆಮೆ ತಣ್ಣನೆಯ ರಕ್ತದ ಪ್ರಾಣಿ, ತನ್ನ ಮೈ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಹೀಗಾಗಿ ತಂಪು ಕೋಣೆಯಲ್ಲಿ ಬರೀ ಯುವಿಬಿ ಟ್ಯೂಬ್ ಹಚ್ಚಿದರೂ ಪೂರ್ತಿ ಫಲವಿಲ್ಲ, ಬರೀ ಬಿಸಿ ಬಲ್ಬ್ ಹಚ್ಚಿದರೂ ಫಲವಿಲ್ಲ. ಎರಡೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಮೇಲಿನಿಂದ ಬೀಳಬೇಕು.

ಈ ಕೊರತೆಯ ರೋಗ ಸದ್ದಿಲ್ಲದೆ ಬರುತ್ತದೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಚಿಪ್ಪಿನ ಅಂಚು ಒತ್ತಿದರೆ ಬಗ್ಗುತ್ತದೆ, ಹಿಂಗಾಲಿಗೆ ಬಲ ಹೋಗಿ ಆಮೆ ಹೊಟ್ಟೆ ಎಳೆದುಕೊಂಡು ನಡೆಯುತ್ತದೆ, ಕಾಲು ನಡುಗುತ್ತದೆ, ಹೆಣ್ಣಿಗೆ ಮೊಟ್ಟೆ ಹೊರಬರುವುದಿಲ್ಲ. ಹೊಸದಾಗಿ ಹುಟ್ಟಿದ ಮರಿಯ ಚಿಪ್ಪು ತುಸು ಮೆತ್ತಗಿರುವುದು ಸಹಜ. ಬೆಳೆದ ಆಮೆಯದು ಮೆತ್ತಗಾದರೆ ಮಾತ್ರ ಆ ದಿನವೇ ಪಶುವೈದ್ಯರಲ್ಲಿ ಎಕ್ಸ್‌-ರೇ ಮಾಡಿಸಬೇಕು.

ಔಷಧ ಅಂಗಡಿಯಿಂದ ಮನುಷ್ಯರ ಡಿ3 ತಂದು ಕೊಡುವುದು ಇದಕ್ಕೆ ಪರಿಹಾರವಲ್ಲ. ಬಿಸಿಲಿನಿಂದ ಹೆಚ್ಚಾದ ಡಿ3ಯನ್ನು ಚರ್ಮವೇ ಅದೇ ಬೆಳಕಿನಲ್ಲಿ ಒಡೆದುಹಾಕುತ್ತದೆ. ಬಾಯಿಂದ ಹೋದದ್ದಕ್ಕೆ ಅಂಥ ತಡೆ ಇಲ್ಲ. 60,000 ಯೂನಿಟ್‌ನ ಒಂದು ಪೊಟ್ಟಣ ಅರ್ಧ ಕಿಲೋ ತೂಗದ ಪ್ರಾಣಿಯ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಸಿ ಕೊಲ್ಲಬಲ್ಲದು. ಎಲೆಯಡಿಕೆಯ ಸುಣ್ಣ ತಿನ್ನಿಸುವವರೂ ಇದ್ದಾರೆ. ಅದು ಬಾಯಿ, ಗಂಟಲು ಸುಡುತ್ತದೆ. ಕ್ಯಾಲ್ಸಿಯಂಗೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ಒಂದು ತುಂಡನ್ನು ಆವರಣದಲ್ಲಿ ಇಟ್ಟರೆ ಸಾಕು, ಬೇಕೆನಿಸಿದಾಗ ಆಮೆ ತಾನೇ ಕಡಿಯುತ್ತದೆ.

ಈಗ ಬಿಸಿಲಿಗೆ ಬರೋಣ. ಯಾವ ಕಂಪನಿಯ ದೀಪವೂ ನಮ್ಮ ಸೂರ್ಯನಿಗೆ ಸಮನಲ್ಲ. ದಿನವೂ ಹೊರಗೆ ಬಿಡಲು ಜಾಗ, ಸಮಯ ಎರಡೂ ಇರುವವರು ವರ್ಷದ ಬಹುಭಾಗ ಟ್ಯೂಬ್ ಇಲ್ಲದೆ ಆಮೆ ಸಾಕಬಹುದು. ಆದರೆ ಮೂರು ತಪ್ಪು ತಿಳಿವಳಿಕೆಗಳು ಅಡ್ಡ ಬರುತ್ತವೆ.

ಕಿಟಕಿಯೊಳಗಿನ ಬಿಸಿಲು ಅದರಲ್ಲಿ ಮೊದಲನೆಯದು. ಸಾಮಾನ್ಯ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಅಕ್ರಿಲಿಕ್ ಹಾಳೆಯೂ ಹಾಗೆಯೇ. ಗಾಜಿನ ಹಿಂದೆ ಆಮೆಗೆ ಬೆಳಕು ಸಿಕ್ಕಿತು, ಕಾವು ಸಿಕ್ಕಿತು, ಬೇಕಾದದ್ದು ಮಾತ್ರ ಸಿಗಲಿಲ್ಲ. ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಎತ್ತಿಡುವುದು ಅದಕ್ಕಿಂತ ಕೆಟ್ಟದ್ದು. ಕೆಲವೇ ನಿಮಿಷಗಳಲ್ಲಿ ಅದು ಒಲೆಯಾಗುತ್ತದೆ.

ಎಳೆಬಿಸಿಲಿನ ಮೇಲಿನ ನಂಬಿಕೆ ಎರಡನೆಯದು. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುವ ನಮ್ಮ ರೂಢಿಯಿಂದ ಬಂದ ಮಾತಿದು. ಸೂರ್ಯ ಕೆಳಗಿದ್ದಾಗ ಕಿರಣಗಳು ವಾತಾವರಣದಲ್ಲಿ ಓರೆಯಾಗಿ ಬಲು ದೂರ ಸಾಗಿ ಬರಬೇಕು. ಆ ದಾರಿಯಲ್ಲಿ ಓಝೋನ್ ಯುವಿಬಿಯ ಬಹುಪಾಲನ್ನು ನುಂಗಿಬಿಡುತ್ತದೆ. ಏಳು ಗಂಟೆಯ ಬಿಸಿಲಿನಲ್ಲಿ ಆಮೆ ಮೈ ಕಾಯಿಸಿಕೊಳ್ಳಬಹುದು, ಡಿ3 ಮಾತ್ರ ಹೆಚ್ಚು ಹುಟ್ಟದು. ಅಳೆಯುವ ಯಂತ್ರವಿಲ್ಲದೆಯೂ ಇದನ್ನು ತಿಳಿಯಬಹುದು. ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಬಹಳ ಉದ್ದವಿದ್ದರೆ ಯುವಿಬಿ ಅತ್ಯಲ್ಪ. ನಿಮ್ಮ ಎತ್ತರದಷ್ಟೇ ಆಗಿದ್ದರೆ ಅಥವಾ ಗಿಡ್ಡವಾಗಿದ್ದರೆ ಚೆನ್ನಾಗಿದೆ. ವಿಜಯಪುರದಲ್ಲಿ ಡಿಸೆಂಬರ್ ತಿಂಗಳು ನೆರಳು ಎತ್ತರಕ್ಕಿಂತ ಗಿಡ್ಡವಾಗುವುದು ಬೆಳಗಿನ ಸುಮಾರು ಹನ್ನೊಂದರಿಂದ ಮಧ್ಯಾಹ್ನ ಒಂದೂಮುಕ್ಕಾಲರವರೆಗೆ ಮಾತ್ರ. ಏಪ್ರಿಲ್‌ನಲ್ಲಿ ಒಂಬತ್ತೂವರೆಯ ಹೊತ್ತಿಗೇ ಆಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಹತ್ತರಿಂದ ಎರಡರವರೆಗೂ, ಬೇಸಿಗೆಯಲ್ಲಿ ಎಂಟೂವರೆಯಿಂದ ಒಂಬತ್ತೂವರೆಯವರೆಗೂ ಆಮೆಯನ್ನು ಹೊರಗೆ ಬಿಡುವುದು ಸರಿ.

ಮರುಭೂಮಿಯ ಕಡೆಯ ಪ್ರಾಣಿ, ಎಂಥ ಬಿಸಿಲನ್ನೂ ತಡೆದುಕೊಳ್ಳುತ್ತದೆ ಎನ್ನುವುದು ಮೂರನೆಯ ತಪ್ಪು. ಸುಲ್ಕಾಟಾದ ತವರು ಸಹಾರಾದ ದಕ್ಷಿಣದ ಅಂಚು, ನಿಜ. ಆದರೆ ಅಲ್ಲಿ ಅದು ಸುಡುವ ಹೊತ್ತನ್ನು ಕಳೆಯುವುದು ತಾನೇ ತೋಡಿದ ಆಳವಾದ, ತಂಪಾದ, ತೇವದ ಬಿಲದಲ್ಲಿ. ನಮ್ಮ ಮಾಳಿಗೆಯ ಮೇಲೆ ಬಿಲವಿಲ್ಲ. ಮೈ ಬಿಸಿ 40 ಡಿಗ್ರಿ ದಾಟಿದರೆ ಆಮೆಗೆ ಪ್ರಾಣಸಂಕಟ. ಗೋಡೆಗುಂಟ ಗಾಬರಿಯಿಂದ ಓಡುವುದು, ಬಾಯಿಂದ ನೊರೆ, ಕಾಲು ಕತ್ತು ಹೊರಚಾಚಿ ಬೀಳುವುದು ಇದರ ಲಕ್ಷಣ. ಕೂಡಲೇ ನೆರಳಿಗೆ ತಂದು ಸಾಮಾನ್ಯ ನೀರಿನಲ್ಲಿ ಕಾಲು ಮುಳುಗುವಷ್ಟು ಇಡಿ, ಐಸ್ ನೀರು ಬೇಡ. ಹೊರಗಿನ ಆವರಣದ ಅರ್ಧ ಭಾಗಕ್ಕೆ ಯಾವ ಹೊತ್ತಿನಲ್ಲೂ ನೆರಳಿರಬೇಕು. ಸೂರ್ಯ ಸರಿದಂತೆ ನೆರಳೂ ಸರಿಯುತ್ತದೆ ಎನ್ನುವುದನ್ನು ಮರೆಯುವುದರಿಂದಲೇ ಬಹಳಷ್ಟು ಆಮೆಗಳು ಸಾಯುತ್ತವೆ. ಆರು ಅಡಿಗೆ ನಾಲ್ಕು ಅಡಿ ಜಾಗ, ಒಂದೂವರೆ ಅಡಿಯ ಆಚೆ ಕಾಣದ ಗೋಡೆ, ಒಂದು ಬದಿಗೆ ಗೋಣಿತಟ್ಟಿನ ಚಪ್ಪರ, ಕಾಗೆ, ಹದ್ದು, ನಾಯಿಗಳಿಗೆ ತಡೆಯಾಗಿ ಮೇಲೆ ಅಗಲ ಕಣ್ಣಿನ ಜಾಲರಿ ಇದ್ದರೆ ಚಿಕ್ಕ ಆಮೆಗೆ ಸಾಕು. ಇಡೀ ಆವರಣಕ್ಕೆ ಹಸಿರು ನೆಟ್ ಹೊದಿಸಬೇಡಿ, ಅದು ಯುವಿಬಿಯನ್ನೂ ಕಡಿತ ಮಾಡುತ್ತದೆ.

ಇಷ್ಟಾದರೂ ಟ್ಯೂಬ್ ಏಕೆ ಬೇಕೆಂದರೆ, ಬೆಳಗಾವಿ, ಖಾನಾಪುರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಾಡಿಗೆ ಮನೆ, ಅಪಾರ್ಟ್‌ಮೆಂಟ್‌ಗಳಲ್ಲಿ ಅಂಗಳವೇ ಇಲ್ಲ. ಕ್ಯಾಲ್ಸಿಯಂ ಬಹಳ ಬೇಕಾದ ಎಳೆ ಮರಿಗಳನ್ನು ದಿನವಿಡೀ ಹೊರಗೆ ಬಿಡಲೂ ಆಗದು.

ಟ್ಯೂಬ್ ಕೊಳ್ಳುವಾಗ ಮೋಸ ಹೋಗುವುದೇ ಹೆಚ್ಚು. 'ಯುವಿ' ಎಂದು ಬರೆದದ್ದೆಲ್ಲ ಯುವಿಬಿ ಅಲ್ಲ. ನೀರು ಶುದ್ಧೀಕರಣಕ್ಕೆ, ರೋಗಾಣು ಕೊಲ್ಲಲಿಕ್ಕೆ ಬಳಸುವ ದೀಪ 254 ನ್ಯಾನೊಮೀಟರ್‌ನ ಯುವಿಸಿ. ಅದನ್ನು ಆಮೆಯ ಮೇಲೆ ಹಚ್ಚಿದರೆ ಕಣ್ಣು, ಚರ್ಮ ಸುಡುತ್ತದೆ, ನಿಮ್ಮ ಕಣ್ಣಿಗೂ ಅಪಾಯ. ಸೊಳ್ಳೆ ಬಲೆಯ ನೀಲಿ ದೀಪ, ಉಗುರು ಒಣಗಿಸುವ ದೀಪಗಳು ಯುವಿಎ ಕೊಡುತ್ತವೆ, ಡಿ3ಗೆ ಉಪಯೋಗವಿಲ್ಲ. ಗಿಡ ಬೆಳೆಸುವ ನೇರಳೆ ಎಲ್‌ಇಡಿ, 'ಫುಲ್ ಸ್ಪೆಕ್ಟ್ರಮ್' ಎಂದು ಬರೆದ ಬಿಳಿ ಬಲ್ಬ್‌ಗಳಲ್ಲೂ ಯುವಿಬಿ ಇರುವುದಿಲ್ಲ. ಡಬ್ಬಿಯ ಮೇಲೆ ಸರೀಸೃಪಗಳಿಗೆಂದು ಬರೆದಿರಬೇಕು, ಯುವಿಬಿಯ ಪ್ರಮಾಣ 5, 6, 10 ಅಥವಾ 12 ಎಂದು ನಮೂದಾಗಿರಬೇಕು, ಎಷ್ಟು ದೂರದಲ್ಲಿ ಎಷ್ಟು ಯುವಿ ಸೂಚ್ಯಂಕ (ಅತಿನೇರಳೆ ಕಿರಣದ ತೀವ್ರತೆಯ ಅಳತೆ) ಎಂಬ ಕೋಷ್ಟಕವಿದ್ದರೆ ಇನ್ನೂ ಒಳ್ಳೆಯದು. ಇವಿಲ್ಲದ ಅಗ್ಗದ ದೀಪ ಕೊಳ್ಳಬೇಡಿ. ಸುರುಳಿಯಾಕಾರದ ಸಿಎಫ್‌ಎಲ್ ಮಾದರಿಯವು ಅಂಗೈಯಗಲದ ಜಾಗಕ್ಕೆ ಮಾತ್ರ ಕಿರಣ ಕೊಡುತ್ತವೆ. ಓಡಾಡುವ ಪ್ರಾಣಿಗೆ ಅದು ಸಾಲದು. ಉದ್ದನೆಯ ಟ್ಯೂಬೇ ಸರಿ.

ಆ ಟ್ಯೂಬ್ ತೆಳ್ಳನೆಯ ಟಿ5, ಅದರಲ್ಲೂ ಹೆಚ್ಚು ಕಿರಣ ಕೊಡುವ ಹೈ ಔಟ್‌ಪುಟ್ ಬಗೆಯದಾಗಿರಲಿ. ಸುಮಾರು 55 ಸೆಂ.ಮೀ. ಉದ್ದದ್ದು 24 ವ್ಯಾಟ್, 85 ಸೆಂ.ಮೀ.ನದು 39 ವ್ಯಾಟ್, 115 ಸೆಂ.ಮೀ.ನದು 54 ವ್ಯಾಟ್. ಇಲ್ಲೊಂದು ಒಳಸುಳಿ ಇದೆ. 24 ವ್ಯಾಟ್‌ನ ಹೈ ಔಟ್‌ಪುಟ್ ಟ್ಯೂಬೂ ಸಾಮಾನ್ಯ 14 ವ್ಯಾಟ್‌ನ ಟಿ5 ಟ್ಯೂಬೂ ಉದ್ದದಲ್ಲಿ ಒಂದೇ. ಟ್ಯೂಬ್ ಕೂರಿಸುವ ಹಳೆಯ 14 ವ್ಯಾಟ್ ಪಟ್ಟಿಯಲ್ಲಿ ಅದು ಸಲೀಸಾಗಿ ಕೂರುತ್ತದೆ, ಉರಿಯಲೂಬಹುದು, ಆದರೆ ಚೋಕ್ ಸಾಲದ್ದರಿಂದ ಯುವಿಬಿ ಅರ್ಧಕ್ಕೆ ಇಳಿಯುತ್ತದೆ. ಈಗ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 'ಟಿ5' ಎಂದು ಕೊಡುವ ಪಟ್ಟಿಗಳಂತೂ ಹೆಚ್ಚಿನವು ಎಲ್‌ಇಡಿ, ಅವುಗಳಿಗೆ ಈ ಟ್ಯೂಬ್ ಹಾಕಲು ಬರುವುದೇ ಇಲ್ಲ. ಹೈ ಔಟ್‌ಪುಟ್‌ಗೆ ತಕ್ಕ ಚೋಕ್ ಇರುವ ಪಟ್ಟಿಯನ್ನೇ, ಹಿಂದೆ ಹೊಳೆಯುವ ಅಲ್ಯೂಮಿನಿಯಂ ರಿಫ್ಲೆಕ್ಟರ್ ಸಮೇತ ತರಿಸಿ. ರಿಫ್ಲೆಕ್ಟರ್ ಇದ್ದರೆ ಕೆಳಗೆ ಬೀಳುವ ಯುವಿಬಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ದೂರದ ಲೆಕ್ಕ ನೆಲದಿಂದಲ್ಲ, ಆಮೆಯ ಬೆನ್ನಿನಿಂದ. ಸುಲ್ಕಾಟಾದಂಥ ಬಯಲಿನ ಆಮೆಗೆ ಬೆನ್ನಿನ ಎತ್ತರದಲ್ಲಿ ಯುವಿ ಸೂಚ್ಯಂಕ 3ರಿಂದ 4 ಬರಬೇಕು. ರಿಫ್ಲೆಕ್ಟರ್ ಇರುವ, ನಡುವೆ ಜಾಲರಿ ಇಲ್ಲದ 12 ಪ್ರಮಾಣದ ಟಿ5 ಟ್ಯೂಬಿಗೆ ಇದು ಸರಿಸುಮಾರು 40ರಿಂದ 45 ಸೆಂ.ಮೀ., 10 ಪ್ರಮಾಣದ್ದಕ್ಕೆ 30ರಿಂದ 38 ಸೆಂ.ಮೀ. ಕಾಡಿನ ನೆರಳಿನಲ್ಲಿ ಬದುಕುವ ಕೆಂಪುಕಾಲಿನ ಆಮೆಗೆ ಸೂಚ್ಯಂಕ 1ರಿಂದ 2 ಸಾಕು. 6 ಪ್ರಮಾಣದ ಟ್ಯೂಬನ್ನು 35 ಸೆಂ.ಮೀ. ಆಸುಪಾಸಿನಲ್ಲಿ ತೂಗಿಸಿದರೆ ಆಗುತ್ತದೆ. ತಯಾರಕರ ಕೋಷ್ಟಕ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಸಣ್ಣ ಕಣ್ಣಿನ ತಂತಿ ಜಾಲರಿಯ ಮೇಲೆ ಟ್ಯೂಬ್ ಇಟ್ಟರೆ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಅಲ್ಲೇ ನಿಂತುಹೋಗುತ್ತದೆ. ಟ್ಯೂಬ್ ಆವರಣದ ಉದ್ದದ ಅರ್ಧದಿಂದ ಮೂರನೇ ಎರಡು ಭಾಗವನ್ನು ಆವರಿಸಲಿ, ಉಳಿದ ಕಡೆ ನೆರಳಿರಲಿ. ಟ್ಯೂಬನ್ನು ಪಕ್ಕದ ಗೋಡೆಗೆ ಹಚ್ಚಬಾರದು. ಆಮೆಯ ಹುಬ್ಬಿನ ಏಣು ಮೇಲಿನ ಬೆಳಕಿನಿಂದ ಕಣ್ಣನ್ನು ಕಾಯುತ್ತದೆ, ಪಕ್ಕದಿಂದ ಬರುವುದನ್ನು ತಡೆಯಲಾರದು. ಕಣ್ಣು ಮುಚ್ಚಿಯೇ ಇರುವ ಆಮೆಗಳಲ್ಲಿ ಇದೂ ಒಂದು ಕಾರಣ.

ಇನ್ನೊಂದು ಮುಖ್ಯ ಮಾತು: ಟ್ಯೂಬ್ ಉರಿಯುತ್ತಿದೆ ಎಂದರೆ ಯುವಿಬಿ ಬರುತ್ತಿದೆ ಎಂದಲ್ಲ. ಕಣ್ಣಿಗೆ ಕಾಣುವ ಬೆಳಕು ವರ್ಷಗಟ್ಟಲೆ ಇರುತ್ತದೆ, ಯುವಿಬಿ ಮೊದಲೇ ಬತ್ತುತ್ತದೆ. ಟಿ5 ಆದರೆ ಹನ್ನೆರಡು ತಿಂಗಳಿಗೆ, ಹಳೆಯ ದಪ್ಪನೆಯ ಟಿ8 ಮತ್ತು ಸುರುಳಿ ದೀಪಗಳನ್ನು ಆರು ತಿಂಗಳಿಗೆ ಬದಲಿಸಬೇಕು. ಹಚ್ಚಿದ ದಿನವೇ ಟ್ಯೂಬಿನ ತುದಿಯಲ್ಲಿ ಮಾರ್ಕರ್‌ನಿಂದ ತಾರೀಖು ಬರೆದಿಡಿ. ಯುವಿ ಸೂಚ್ಯಂಕ ಅಳೆಯುವ ಸೋಲಾರ್‌ಮೀಟರ್ 6.5 ಎಂಬ ಉಪಕರಣವಿದೆ. ಒಬ್ಬರಿಗೆ ದುಬಾರಿ, ನಾಲ್ಕಾರು ಜನ ಸೇರಿ ಒಂದು ತರಿಸಿಕೊಂಡರೆ ಎಲ್ಲರ ಟ್ಯೂಬನ್ನೂ ತಿಂಗಳಿಗೊಮ್ಮೆ ನೋಡಬಹುದು.

ಬಿಸಿಯ ದೀಪಕ್ಕೆ ಸರಳವಾದದ್ದೇ ಸಾಕು. ಅಗಲವಾಗಿ ಬೆಳಕು ಹರಡುವ 75 ವ್ಯಾಟ್‌ನ ಹ್ಯಾಲೊಜನ್ ಫ್ಲಡ್ ಬಲ್ಬ್ ನಾಲ್ಕು ಅಡಿಗೆ ಎರಡು ಅಡಿಯ ಪೆಟ್ಟಿಗೆಗೆ ಸರಿಹೊಂದುತ್ತದೆ. ಸೂರ್ಯನ ಕಾವಿನಂತೆ ಮೈಯೊಳಗೆ ಇಳಿಯುವ ಇನ್‌ಫ್ರಾರೆಡ್ ಕೊಡುವುದರಲ್ಲಿ ಹ್ಯಾಲೊಜನ್ ಮೇಲು. ಒಂದೇ ಕಡೆ ಚುಚ್ಚುವಂತೆ ಬೆಳಕು ಬಿಡುವ ಸ್ಪಾಟ್ ಬಲ್ಬ್ ಬೇಡ. ದೊಡ್ಡ ಆಮೆಯ ಚಿಪ್ಪಿನ ನೆತ್ತಿ ಸುಟ್ಟು, ಹೊಟ್ಟೆಯ ಭಾಗ ತಣ್ಣಗೇ ಉಳಿಯುತ್ತದೆ. ಆಮೆ ದೊಡ್ಡದಾದಂತೆ ಬಲ್ಬಿನ ವ್ಯಾಟ್ ಏರಿಸುವ ಬದಲು ಎರಡು ಬಲ್ಬ್‌ಗಳನ್ನು ಅಕ್ಕಪಕ್ಕ ಹಾಕಿ. ಇಡೀ ಮೈ ಒಂದೇ ಸಮ ಕಾಯಬೇಕು. ಕೋಳಿಮರಿಗೆ ಹಚ್ಚುವ 250 ವ್ಯಾಟ್‌ನ ಕೆಂಪು ಬಲ್ಬ್ ಪೆಟ್ಟಿಗೆಯಲ್ಲಿ ಎಂದೂ ಬೇಡ. ಕೆಳಗಿನಿಂದ ಕಾವು ಕೊಡುವ ಹೀಟಿಂಗ್ ಪ್ಯಾಡ್, ಬಿಸಿ ಕಲ್ಲುಗಳೂ ಬೇಡ. ಆಮೆ ಬಿಸಿಯನ್ನು ಅರಸುವುದು ಬೆನ್ನಿನಿಂದ, ಕೆಳಚಿಪ್ಪು ಸುಡುತ್ತಿದ್ದರೂ ಅದು ಎದ್ದು ಹೋಗುವುದಿಲ್ಲ.

ಹೋಲ್ಡರ್ ವಿಷಯದಲ್ಲಿ ಎಚ್ಚರ. ನಮ್ಮ ಮನೆಗಳ ಬಲ್ಬು ಎರಡು ಪಿನ್ನಿನ ಬಿ22, ಸರೀಸೃಪಗಳ ಬಲ್ಬು ತಿರುಪಿನ ಇ27. ಪಿನ್ನಿನಿಂದ ತಿರುಪಿಗೆ ಬದಲಿಸುವ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿದರೆ ಕಾವಿಗೆ ಕರಗಿ ಬಲ್ಬ್ ಆಮೆಯ ಮೇಲೆಯೇ ಬೀಳಬಹುದು. ಇ27 ಪಿಂಗಾಣಿ ಹೋಲ್ಡರ್ ಕೇಳಿ ಪಡೆಯಿರಿ, ಕಾವು ತಡೆಯುವ ವೈರ್ ಹಾಕಿಸಿ. ಕ್ಲಿಪ್ಪಿಗೆ ಸಿಕ್ಕಿಸದೆ ಕಬ್ಬಿಣದ ಸರಪಳಿಯಿಂದ ತೂಗಿಸಿ. ಕ್ಲಿಪ್ಪಿನ ಸ್ಪ್ರಿಂಗ್ ಇಂದಲ್ಲ ನಾಳೆ ಸಡಿಲಾಗುತ್ತದೆ, ಕೆಳಗೆ ಒಣಹುಲ್ಲಿದ್ದರೆ ಬೆಂಕಿಯೇ. ಬಲ್ಬಿಗೂ ನೆಲಕ್ಕೂ ಕನಿಷ್ಠ 30 ಸೆಂ.ಮೀ. ಅಂತರವಿರಲಿ, ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಇರಲಿ.

ಬಿಸಿಯ ಅಳತೆ ಹೀಗೆ: ಬಲ್ಬಿನ ಕೆಳಗಿನ ನೆಲ 35ರಿಂದ 38 ಡಿಗ್ರಿ, ಆ ಬದಿಯ ಗಾಳಿ 28ರಿಂದ 30, ಎದುರು ಬದಿ 24ರಿಂದ 26. ಕೆಂಪುಕಾಲಿನ ಆಮೆಗೆ ಬಲ್ಬಿನ ಕೆಳಗೆ 32ರಿಂದ 34 ಸಾಕು. ಒಂದು ಬದಿ ಬಿಸಿ, ಒಂದು ಬದಿ ತಂಪು ಇರಲೇಬೇಕು, ತನಗೆ ಬೇಕಾದ ಕಡೆಗೆ ಆಮೆ ತಾನೇ ಸರಿಯುತ್ತದೆ. ಗೋಡೆಗೆ ಅಂಟಿಸುವ ದುಂಡನೆಯ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ, ಅದು ತೋರಿಸುವುದು ಗೋಡೆಯ ಬಿಸಿಯನ್ನು. ಕೋವಿಡ್ ಕಾಲದ ಹಣೆಗನ್ ಮನೆಯಲ್ಲಿದ್ದರೆ ಅದನ್ನೂ ಜ್ವರ ನೋಡುವ ಸ್ಥಿತಿಯಲ್ಲಿ ಬಳಸಬಾರದು. ಆ ಸ್ಥಿತಿಯಲ್ಲಿ ಅದು ಮನುಷ್ಯನ ಮೈಗೆಂದು ಅಂಕಿಯನ್ನು ಹೊಂದಿಸಿ ತೋರಿಸುತ್ತದೆ. ವಸ್ತುಗಳ ಮೇಲ್ಮೈ ಅಳೆಯುವ ಸ್ಥಿತಿಗೆ ಬದಲಿಸಿ, ಇಲ್ಲವಾದರೆ ಕಾರ್ಖಾನೆಗಳಲ್ಲಿ ಬಳಸುವ ಗನ್ ಕೊಳ್ಳಿ.

ರಾತ್ರಿಗೆ ಬೆಳಕಿಲ್ಲದ ಕಾವು ಬೇಕು. ಕೆಂಪು, ನೀಲಿ ಬಲ್ಬ್ ಆಮೆಗೂ ಕಾಣುತ್ತದೆ, ನಿದ್ದೆ ಕೆಡುತ್ತದೆ. 60 ವ್ಯಾಟ್‌ನ ಸಿರಾಮಿಕ್ ಹೀಟರ್ ಬಲ್ಬ್ ಇದಕ್ಕೆ ತಕ್ಕದ್ದು. ಅದು ಬೆಳಗುವುದಿಲ್ಲ, ಆದರೆ ಮೇಲ್ಮೈ 200 ಡಿಗ್ರಿ ದಾಟುತ್ತದೆ. ಆರಿದೆ ಎಂದುಕೊಂಡು ಕೈ ಹಚ್ಚಿ ಸುಟ್ಟುಕೊಳ್ಳುವುದು ಸಾಮಾನ್ಯ, ಮಕ್ಕಳಿರುವ ಮನೆಯಲ್ಲಿ ಸುತ್ತ ತಂತಿಯ ಪಂಜರ ಹಾಕಿ. ಬಿಸಿ ನೋಡಿ ತಾನೇ ಆರಿಸಿ ಹೊತ್ತಿಸುವ ಥರ್ಮೋಸ್ಟಾಟ್ ಇಲ್ಲದೆ ಇದನ್ನು ಬಳಸಲೇಬಾರದು. ಮೊಟ್ಟೆ ಕಾವುಪೆಟ್ಟಿಗೆಗಳಿಗೆ ಬಳಸುವ ಎಸ್‌ಟಿಸಿ-1000 ಮಾದರಿ ಸಾಕಾಗುತ್ತದೆ, ಆರುವ ಮತ್ತು ಹೊತ್ತುವ ಬಿಸಿಯ ನಡುವಿನ ವ್ಯತ್ಯಾಸವನ್ನು 1 ಡಿಗ್ರಿಗೆ ಇಡಿ. ಅದರ ಸೆನ್ಸರ್ ವೈರನ್ನು ಆಮೆಯ ಬೆನ್ನಿನ ಎತ್ತರದಲ್ಲಿ ಗೋಡೆಗೆ ಬಿಗಿಯಾಗಿ ಕಟ್ಟಬೇಕು. ಮೇಲೆ ಕಟ್ಟಿದರೆ ಬೇಗ ಆರಿ ಆಮೆ ಚಳಿಯಲ್ಲಿ ಉಳಿಯುತ್ತದೆ. ಸಡಿಲವಾಗಿ ಬಿಟ್ಟರೆ ಆಮೆ ಅದನ್ನು ಎಳೆದುಕೊಂಡು ಹೋಗಿ ನೀರಿನ ತಟ್ಟೆಗೆ ಹಾಕುತ್ತದೆ, ತಣ್ಣೀರಿನ ಅಂಕಿ ನೋಡಿ ಹೀಟರ್ ರಾತ್ರಿಯಿಡೀ ಉರಿದು ಪೆಟ್ಟಿಗೆ ಬೇಯುತ್ತದೆ. ಮರಿಗಳಿಗೆ ರಾತ್ರಿ 25ರಿಂದ 27 ಡಿಗ್ರಿ, ಬೆಳೆದ ಸುಲ್ಕಾಟಾಕ್ಕೆ 20ಕ್ಕಿಂತ ಕೆಳಗಿಳಿಯದಂತೆ ಇಡಿ. ಬಯಲುಸೀಮೆಯೆಂದು ಉದಾಸೀನ ಬೇಡ, ವಿಜಯಪುರದಲ್ಲಿ ಹತ್ತು-ಹನ್ನೆರಡು ಡಿಗ್ರಿಗೆ ಇಳಿಯುವ ರಾತ್ರಿಗಳಿವೆ. ಚಳಿಯ ಜೊತೆ ತೇವವೂ ಸೇರಿದರೆ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ನ್ಯುಮೋನಿಯಾ. ತಣ್ಣಗಿರುವ ಆಮೆಗೆ ತಿನ್ನಿಸಿದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಬೆಳಿಗ್ಗೆ ದೀಪ ಹಚ್ಚಿ ಒಂದು ತಾಸಾದ ಮೇಲೆಯೇ ನುಗ್ಗೆಸೊಪ್ಪು, ದಾಸವಾಳದ ಎಲೆ, ಗರಿಕೆ ಹಾಕಿ.

ಕಾವು ಮತ್ತು ಯುವಿ ಎರಡನ್ನೂ ಕೊಡುವ ಮರ್ಕ್ಯುರಿ ವೇಪರ್ ಬಲ್ಬ್‌ಗಳೂ ಬರುತ್ತವೆ. ನಮ್ಮ ಕಡೆಗೆ ಅವು ಹೊಂದುವುದಿಲ್ಲ ಎಂದೇ ಹೇಳಬೇಕು. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಅವು ಆರುತ್ತವೆ, ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಥರ್ಮೋಸ್ಟಾಟ್‌ಗೂ ಹಾಕಲು ಬರುವುದಿಲ್ಲ, ಮತ್ತೆ ಮತ್ತೆ ಆರಿ ಹೊತ್ತಿದರೆ ಬೇಗ ಸುಟ್ಟುಹೋಗುತ್ತವೆ. ಏಪ್ರಿಲ್ ತಿಂಗಳಲ್ಲಿ ಕಾವು ಬೇಡ, ಯುವಿಬಿ ಮಾತ್ರ ಸಾಕು ಎಂದರೆ ಅವುಗಳಲ್ಲಿ ಬೇರ್ಪಡಿಸಲಾಗದು. ಇದೇ ಕಾರಣಕ್ಕೆ ಟ್ಯೂಬ್ ಬೇರೆ, ಬಲ್ಬ್ ಬೇರೆ, ಸ್ವಿಚ್ಚೂ ಬೇರೆ ಇಡಿ ಎನ್ನುವುದು. ಮಾರ್ಚ್‌ನಿಂದ ಮೇವರೆಗೆ ಕೋಣೆಯೇ 36 ಡಿಗ್ರಿ ಮುಟ್ಟಿದ ಮೇಲೆ ಹ್ಯಾಲೊಜನ್ ಹಚ್ಚಿದರೆ ಅದರ ಕೆಳಗೆ 50 ದಾಟುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಒಂದೆರಡು ತಾಸು ಮಾತ್ರ ಬಲ್ಬ್, ಮಿಕ್ಕ ಹೊತ್ತು ಟ್ಯೂಬ್ ಸಾಕು. ತಂಪಿಗೆ ಒಡೆದ ಗಡಿಗೆಯನ್ನು ಅಡ್ಡ ಮಲಗಿಸಿ, ಅರ್ಧ ಮಣ್ಣಲ್ಲಿ ಹುಗಿದು, ಒಳಗೆ ಒದ್ದೆ ಕೋಕೋಪೀಟ್ ತುಂಬಿಡಿ.

ಕಾವಿನ ದೀಪ ಗಾಳಿಯನ್ನು ಒಣಗಿಸುತ್ತದೆ. ಮರಿಯ ಬೆನ್ನಿನ ಚಿಪ್ಪಿನ ಒಂದೊಂದು ಬಿಲ್ಲೆ ಗೋಪುರದಂತೆ ಮೇಲೆದ್ದು ಬೆಳೆಯುವುದಕ್ಕೆ ಈ ಒಣ ಕಾವೇ ದೊಡ್ಡ ಕಾರಣ. ಯುವಿಬಿ ಸರಿಯಿದ್ದ ಮನೆಗಳಲ್ಲೂ ಇದು ಆಗುತ್ತದೆ. 10 ಸೆಂ.ಮೀ. ದಪ್ಪ ಕೋಕೋಪೀಟ್ ಹಾಸಿ, ಅದರ ಕೆಳಪದರ ಸದಾ ಹಸಿ ಇರುವಂತೆ ಮೂಲೆಗಳಲ್ಲಿ ನೀರು ಸುರಿಯಿರಿ. ಮರಿಗಳನ್ನು ದಿನವೂ 15-20 ನಿಮಿಷ ಗಲ್ಲ ಮುಟ್ಟುವಷ್ಟು ಬೆಚ್ಚನೆಯ ನೀರಿನಲ್ಲಿ ಕೂರಿಸಿ.

ದೀಪಗಳಿಗೆ ಟೈಮರ್ ಹಾಕಿ, ಹಗಲು ಹನ್ನೆರಡು ತಾಸು ಸಾಕು. ಕರೆಂಟ್ ಹೋದಾಗ ಆರು ತಾಸಿನವರೆಗೆ ಗಾಬರಿಯಿಲ್ಲ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗೆ ಇಡಿ. ಹೊದಿಸುವ ಮೊದಲು ಎಲ್ಲ ದೀಪಗಳ ಪ್ಲಗ್ ಕಿತ್ತಿಡಿ, ಕರೆಂಟ್ ಮರಳಿ ಬಂದಾಗ ಕಂಬಳಿ ಹೊತ್ತಿಕೊಳ್ಳಬಾರದು. ಇನ್ವರ್ಟರ್ ಇದ್ದವರು ಸಿರಾಮಿಕ್ ಹೀಟರ್ ಒಂದನ್ನೇ ಅದಕ್ಕೆ ಜೋಡಿಸಿದರೆ ಸಾಕು. ಖರ್ಚಿನ ಭಯವೂ ಬೇಡ. 24 ವ್ಯಾಟ್ ಟ್ಯೂಬ್ ಹನ್ನೆರಡು ತಾಸು, 75 ವ್ಯಾಟ್ ಬಲ್ಬ್ ಹತ್ತು ತಾಸು, ಸಿರಾಮಿಕ್ ಹೀಟರ್ ರಾತ್ರಿಯ ಅರ್ಧ ಹೊತ್ತು ಉರಿದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ಅದೂ ಚಳಿಯ ಮೂರು ತಿಂಗಳು ಮಾತ್ರ.

ಕೊನೆಗೆ ಎರಡು ಕೋರಿಕೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಸಾಕುಪ್ರಾಣಿ ಮತ್ತು ಅಕ್ವೇರಿಯಂ ಅಂಗಡಿಯವರು ದೀಪ ಮಾರುವಾಗ ಅದು ಕಾವಿನದೋ, ಯುವಿಬಿಯದೋ ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕೊಡಲಿ, ಯುವಿಸಿ ದೀಪವನ್ನು ಆಮೆಗೆಂದು ಕೊಡುವುದನ್ನು ನಿಲ್ಲಿಸಲಿ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಗರಿಷ್ಠ, ಕನಿಷ್ಠ ಉಷ್ಣಾಂಶದ ಪಕ್ಕ ಆಯಾ ದಿನದ ಯುವಿ ಸೂಚ್ಯಂಕಕ್ಕೂ ಒಂದು ಅಂಕಿಯಷ್ಟು ಜಾಗ ಕೊಡಿ. ಆಮೆ ಸಾಕಿದವರಿಗೆ ಅದನ್ನು ಯಾವ ದಿನ ಹೊರಗೆ ಬಿಡಬೇಕು, ಯಾವ ದಿನ ಟ್ಯೂಬ್ ಹಚ್ಚಬೇಕು ಎಂಬುದು ಅದರಿಂದ ತಿಳಿಯುತ್ತದೆ, ಹೊಲದಲ್ಲಿ ದಿನವಿಡೀ ದುಡಿಯುವವರಿಗೂ ಅದು ಬೇಕಾದ ಅಂಕಿಯೇ.

ಇಂತಿ ತಮ್ಮ ವಿಶ್ವಾಸಿ,
ಓದುಗ, ವಿಜಯಪುರ